ಪಡ್ಡು ಏಳುತ್ತದೆ, ಮಫಿನ್ ಏಕೆ ಏಳುವುದಿಲ್ಲ?

ಪುಣೆಯ ತುಳಶೀಬಾಗಿನ ಪಾತ್ರೆ ಅಂಗಡಿಗಳಲ್ಲಿ ಅಪ್ಪೆಪಾತ್ರ ಎಂದು ಕೇಳಿದರೆ ನಮ್ಮ ಪಡ್ಡಿನ ಹಂಚನ್ನೇ ತೆಗೆದು ಕೊಡುತ್ತಾರೆ. ಧಾರವಾಡ, ವಿಜಯಪುರ, ಕಲಬುರಗಿಯ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರ ಅಡುಗೆಮನೆಯಲ್ಲಿ ಈಗ ಅದರ ಪಕ್ಕದಲ್ಲೇ ಮಫಿನ್ ಟ್ರೇ ಕೂಡ ಇರುತ್ತದೆ. ಎರಡೂ ಗುಳಿಗಳಿರುವ ಪಾತ್ರೆಗಳೇ. ಆದರೆ ಪಳಗಿದ ಹಂಚಿನ ಗುಳಿಗೆ ನಾಲ್ಕು ಹನಿ ಎಣ್ಣೆ ಬಿದ್ದರೆ ಸಾಕು, ಚಮಚದ ತುದಿ ತಾಗಿಸಿದಾಗ ಪಡ್ಡು ಗಿರ್ರನೆ ತಿರುಗುತ್ತದೆ. ಮಫಿನ್ ಟ್ರೇಗೆ ಧಾರಾಳವಾಗಿ ಬೆಣ್ಣೆ ಸವರಿದ್ದರೂ ತಲೆ ಕೈಗೆ ಬಂದು ಬುಡ ಟ್ರೇಯಲ್ಲೇ ಉಳಿಯುತ್ತದೆ. ಬೆಣ್ಣೆ ಸಾಲಲಿಲ್ಲವೆಂದು ಮುಂದಿನ ಸಲ ಇನ್ನಷ್ಟು ಬಳಿಯುವವರೇ ಹೆಚ್ಚು. ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಹಿಟ್ಟು ಬೀಳುವ ಹೊತ್ತಿಗೆ ಲೋಹ ಕಾದಿತ್ತೇ, ತಣ್ಣಗಿತ್ತೇ?

ಕಣ್ಣಿಗೆ ನುಣ್ಣಗೆ ಕಾಣುವ ಲೋಹವೂ ಸೂಕ್ಷ್ಮದರ್ಶಕದ ಕೆಳಗೆ ಸಿಂಹಗಡದ ದಾರಿಯಂತೆ ಬರೀ ಏರುತಗ್ಗು. ನೀರಾಗಿರುವ ಹಿಟ್ಟು ಆ ತಗ್ಗುಗಳಿಗೆಲ್ಲ ಇಳಿಯುತ್ತದೆ. ಬಿಸಿ ಏರಿದಂತೆ ಮೊಟ್ಟೆಯ, ಹಾಲಿನ ಪ್ರೋಟೀನುಗಳು ಸುರುಳಿ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಲೋಹವನ್ನೂ ಹಿಡಿಯುತ್ತವೆ. ಸಕ್ಕರೆ ಕರಗಿ ಪಾಕವಾಗಿ, ತಣಿದಾಗ ಗಟ್ಟಿಯಾಗಿ ಬಿಗಿಯುತ್ತದೆ. ಮೊಟ್ಟೆ ಬೇಡವೆಂದು ಕಂಡೆನ್ಸ್ಡ್ ಮಿಲ್ಕ್ ಹಾಕುವವರಿಗೆ ಇಲ್ಲೊಂದು ಕಿರಿಕಿರಿ. ಆ ಡಬ್ಬಿಯಲ್ಲಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ, ಜೊತೆಗೆ ಹಾಲಿನ ಪ್ರೋಟೀನು. ಅಂಟಿಗೆ ಬೇಕಾದ ಸಾಮಾನೆಲ್ಲ ಒಂದೇ ಕಡೆ.

ಪಡ್ಡಿನ ಹಂಚು ಈ ತಾಪತ್ರಯದಿಂದ ತಪ್ಪಿಸಿಕೊಳ್ಳುವುದು ಎರಡು ಕಾರಣಕ್ಕೆ. ಬೀಡು ಕಬ್ಬಿಣದ ದಪ್ಪ ಹಂಚು ಬಹಳಷ್ಟು ಶಾಖವನ್ನು ಒಡಲಲ್ಲಿ ಇಟ್ಟುಕೊಂಡಿರುತ್ತದೆ. ತಣ್ಣನೆಯ ಹಿಟ್ಟು ಬಿದ್ದರೂ ಸೊರಗುವುದಿಲ್ಲ. ಚುಂಯ್ ಎನ್ನುವ ಆ ಸದ್ದು ಹಿಟ್ಟಿನ ತಳದ ನೀರು ಆವಿಯಾಗುತ್ತಿರುವುದರದು. ಹಿಟ್ಟು ತಗ್ಗುಗಳಿಗೆ ಇಳಿಯುವ ಮೊದಲೇ ಆವಿ ಅದನ್ನು ಮೇಲಕ್ಕೆ ತಳ್ಳುತ್ತದೆ, ತಳ ಗಟ್ಟಿಯಾಗುತ್ತದೆ. ಎರಡನೆಯದು ಪಳಗಿಸುವಿಕೆ. ಎಣ್ಣೆಯನ್ನು ತೆಳ್ಳಗೆ ಸವರಿ ಮತ್ತೆ ಮತ್ತೆ ಕಾಯಿಸಿದರೆ ಅದರ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪೊರೆಯಾಗುತ್ತವೆ. ಅಜ್ಜಿಯ ಹಂಚಿನ ಕಪ್ಪು ಮಿರುಗು ಇದೇ. ಹುಣಸೆಹುಳಿ ಹಾಕಿ ತಿಕ್ಕಿದರೆ ಆ ಪೊರೆ ಹೋಗುತ್ತದೆ. ಆಮೇಲೆ ಮೊದಲಿಂದ ಪಳಗಿಸಬೇಕು.

ಮಫಿನ್ ಟ್ರೇಯದು ತದ್ವಿರುದ್ಧ ಕಥೆ. ಹಿಟ್ಟು ಬೀಳುವುದು ತಣ್ಣನೆಯ ಲೋಹಕ್ಕೆ. ಓವನ್ 180 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೂ ಗುಳಿಯ ಗೋಡೆ ನಿಧಾನವಾಗಿ ಕಾಯುತ್ತದೆ, ಅಷ್ಟರಲ್ಲಿ ಹಿಟ್ಟಿಗೆ ಒಳಹೊಕ್ಕು ಕೂರಲು ಬೇಕಾದಷ್ಟು ಸಮಯ. ಹಾಗಾಗಿ ಇಲ್ಲಿ ಅಡ್ಡಗೋಡೆಯನ್ನು ಮುಂಚೆಯೇ ಕಟ್ಟಿಡಬೇಕು. ಎಣ್ಣೆ ಆ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ, ಗೋಡೆಯಿಂದ ಜಾರಿ ತಳದಲ್ಲಿ ನಿಲ್ಲುತ್ತದೆ. ಬೆಣ್ಣೆಯಲ್ಲಿ ಸುಮಾರು ಶೇಕಡಾ 16ರಷ್ಟು ನೀರು, ಮೇಲೆ ಒಂದಿಷ್ಟು ಹಾಲಿನ ಪ್ರೋಟೀನು. ಅಂಟು ಬಿಡಿಸಲು ಅಂಟನ್ನೇ ಬಳಿದ ಹಾಗಾಯಿತು. ನನ್ನ ಮತ ಹೆರೆತ ತುಪ್ಪಕ್ಕೆ. ಕಾಯಿಸುವಾಗಲೇ ನೀರು ಹೋಗಿದೆ, ಗಸಿ ಸೋಸಿಯಾಗಿದೆ, ಸವರಿದ ಕಡೆ ನಿಲ್ಲುತ್ತದೆ. ಅದರ ಮೇಲೆ ಮೈದಾ ಉದುರಿಸಿ, ಟ್ರೇ ಬೋರಲು ಹಾಕಿ ತಟ್ಟಿ, ಹೆಚ್ಚಿನದನ್ನು ಕೊಡವಬೇಕು. ತುಪ್ಪ ಕರಗಿದರೂ ಮೈದಾದ ಕಣಗಳು ಅದನ್ನು ಗೋಡೆಗೆ ಹಿಡಿದಿಡುತ್ತವೆ.

ಪುಣೆಯ ಕ್ಯಾಂಪಿನಲ್ಲಿ 1955ರಿಂದ ನಡೆಯುತ್ತಿರುವ ಕಯಾನಿಯಂಥ ಇರಾನಿ ಬೇಕರಿಗಳ ಪರಂಪರೆಯಲ್ಲಿ ಮಾವಾ ಕೇಕ್ ದೊಡ್ಡ ಹೆಸರು. ಮಾವಾ ಎಂದರೆ ನಮ್ಮ ಖೋವಾ; ಹಾಲಿನ ಪ್ರೋಟೀನು, ಹಾಲಿನ ಸಕ್ಕರೆ ಎರಡೂ ಮಂದವಾಗಿ ಕೂಡಿದ ಪದಾರ್ಥ. ಇಂಥ ಹಿಟ್ಟನ್ನು ಬರೀ ಲೋಹಕ್ಕೆ ಸುರಿಯುವ ಸಾಹಸಕ್ಕೆ ಇಳಿಯದೆ ಒಳಗೆ ಕಾಗದ ಹಾಸಿಬಿಡುವುದು ಬೇಕರಿಯವರ ಜಾಣತನ. ಕೇಕು ಕಾಗದಕ್ಕೆ ಅಂಟಿದರೆ ಅಂಟಲಿ, ಸುಲಿದು ತಿನ್ನಬಹುದು.

ನಾನ್‌ಸ್ಟಿಕ್ ಟ್ರೇಯ ಕಥೆ ಇನ್ನೂ ಸ್ವಾರಸ್ಯದ್ದು. 1938ರ ಏಪ್ರಿಲ್ 6ರಂದು ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅನಿಲದ ಸಿಲಿಂಡರಿನ ತಿರುಪು ತಿರುಗಿಸಿದರೆ ಏನೂ ಬರಲಿಲ್ಲ. ತೂಕ ಮಾತ್ರ ಹಾಗೇ ಇತ್ತು. ಕೊಯ್ದು ನೋಡಿದಾಗ ಸಿಕ್ಕ ಬಿಳಿ ಪುಡಿಯೇ ಟೆಫ್ಲಾನ್. ಇಂಗಾಲದ ಸರಪಳಿಯನ್ನು ಸುತ್ತುವರಿದ ಫ್ಲೋರಿನ್ ಪರಮಾಣುಗಳು ಇನ್ಯಾವುದನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯಾವುದಕ್ಕೂ ಅಂಟದ ಇದನ್ನು ಲೋಹಕ್ಕೆ ಅಂಟಿಸುವುದು ಹೇಗೆ? ಲೋಹವನ್ನು ಬೇಕೆಂದೇ ತರಿತರಿ ಮಾಡಿ, ಆ ತಗ್ಗುಗಳಲ್ಲಿ ಟೆಫ್ಲಾನ್ ಲೇಪ ಕಚ್ಚಿಕೊಳ್ಳುವಂತೆ ಮಾಡುತ್ತಾರೆ. ಹಿಟ್ಟು ಅಂಟಲು ಕಾರಣವಾದ ಏರುತಗ್ಗೇ ಇಲ್ಲಿ ಉಪಕಾರಕ್ಕೆ ಬಂತು! ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ 1950ರ ದಶಕದಲ್ಲಿ ಇದನ್ನು ಬಾಣಲೆಗೆ ತಂದರು. ಉಕ್ಕಿನ ನಾರಿನಿಂದ ತಿಕ್ಕಿದರೆ ಲೇಪ ಗೀರುಬಿದ್ದು ಹಿಟ್ಟಿಗೆ ಮತ್ತೆ ಜಾಗ ಸಿಗುತ್ತದೆ.

ಓವನ್ನಿನಿಂದ ತೆಗೆದ ಮೇಲೂ ಅವಸರ ಸಲ್ಲದು. ಬಿಸಿ ಮಫಿನ್‌ನ ಒಡಲು ಇನ್ನೂ ಮೆತ್ತಗಿರುತ್ತದೆ, ಎಳೆದರೆ ಮುರಿಯುತ್ತದೆ. ಐದರಿಂದ ಹತ್ತು ನಿಮಿಷ ಬಿಟ್ಟರೆ ಅದು ಬಲಿತು, ಕುಗ್ಗಿ, ಗೋಡೆಯಿಂದ ತಾನೇ ಸರಿಯುತ್ತದೆ. ಅರ್ಧ ಗಂಟೆ ಮರೆತರೆ ಒಳಗಿನ ಆವಿ ತಣಿದ ಲೋಹದ ಮೇಲೆ ನೀರಾಗಿ ಬುಡ ಒದ್ದೆಯಾಗುತ್ತದೆ, ತುಪ್ಪ ಹೆಪ್ಪುಗಟ್ಟುತ್ತದೆ. ಹಾಗಾದಾಗ ಚಾಕು ತೂರಿಸಬೇಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಮೇಲೆ ಟ್ರೇಯನ್ನು ಒಂದೆರಡು ನಿಮಿಷ ಇಟ್ಟರೆ ತುಪ್ಪವೂ ಪಾಕವೂ ಸಡಿಲಗೊಂಡು, ಬೋರಲು ಹಾಕಿ ತಟ್ಟಿದಾಗ ಹೆಚ್ಚಿನವು ಇಡಿಯಾಗಿಯೇ ಬೀಳುತ್ತವೆ.