ಮಣ್ಣಿನಲ್ಲಿ ಮೂಡಿದ ರೆಕ್ಕೆಗಳು

ಉದ್ದ 18 ಅಡಿ 9 ಅಂಗುಲ. ತೂಕ ಎರಡು ಟನ್ನಿಗೂ ಮಿಗಿಲು. 6.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್, 325 ಅಶ್ವಶಕ್ತಿ. ಹಿಂಬದಿಯ ಎರಡೂ ಮಗ್ಗುಲಲ್ಲಿ ಚೂಪಾಗಿ ಎದ್ದ ರೆಕ್ಕೆ, ಒಂದೊಂದರಲ್ಲೂ ಬುಲೆಟ್ಟಿನ ಆಕಾರದ ಎರಡೆರಡು ಕೆಂಪು ದೀಪ. ಇದು 1959ರ ಕ್ಯಾಡಿಲ್ಯಾಕ್. ಎರಡನೇ ಮಹಾಯುದ್ಧದ ನಂತರದ ಅಮೆರಿಕದ ದೊಡ್ಡ ಕಾರು ಎಂದೊಡನೆ ಬಹಳ ಜನರಿಗೆ ನೆನಪಾಗುವುದು ಇದೇ. ಆ ರೆಕ್ಕೆಯಿಂದ ಕಾರಿಗೇನು ಉಪಯೋಗ ಎಂದು ಕೇಳಿದರೆ, ಏನೂ ಇಲ್ಲ. ಅದು ಹುಟ್ಟಿದ್ದು ಮಣ್ಣು ಮೆತ್ತುವವರ ಕೈಯಲ್ಲಿ.

ಆ ಕೈಗಳನ್ನು ಒಂದು ಸೂರಿನಡಿ ಸೇರಿಸಿದಾತ ಹಾರ್ಲಿ ಅರ್ಲ್. ಲಾಸ್ ಏಂಜಲೀಸ್‌ನಲ್ಲಿ ಅಪ್ಪ ಶುರುಮಾಡಿದ ವರ್ಕ್‌ಶಾಪಿನಲ್ಲಿ ಹಾಲಿವುಡ್ ತಾರೆಯರಿಗೆ ಬೇಕಾದಂತೆ ಕಾರಿನ ಬಾಡಿ ಕಟ್ಟಿಕೊಡುತ್ತಿದ್ದ ಈತನನ್ನು ಜನರಲ್ ಮೋಟಾರ್ಸ್‌ನ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ 1927ರಲ್ಲಿ ಡೆಟ್ರಾಯಿಟ್‌ಗೆ ಕರೆಸಿಕೊಂಡರು. ಕಾರಿನ ಅಂದಚೆಂದಕ್ಕೆಂದೇ ಒಂದು ವಿಭಾಗ ತೆರೆದು, ಅದರ ಹೊಣೆಯನ್ನು ಅರ್ಲ್‌ಗೆ ಒಪ್ಪಿಸಿದರು. ಅರ್ಲ್ ಆರಡಿ ದಾಟಿದ ಆಳು. ಕಾರು ಇನ್ನೂ ಉದ್ದವಾಗಬೇಕು, ಇನ್ನೂ ತಗ್ಗಬೇಕು ಎಂಬುದೇ ಆತನ ಜೀವಮಾನದ ಹಟ. 1958ರಲ್ಲಿ ನಿವೃತ್ತರಾಗುವವರೆಗೂ ಅದನ್ನು ಬಿಡಲಿಲ್ಲ.

ಕಾರು ತಯಾರಾಗುವ ಮೊದಲು ಅದರ ಮಾದರಿಯನ್ನು ಮಣ್ಣಿನಲ್ಲಿ ಮಾಡಿ ನೋಡುವ ಈ ಕಸುಬಿನ ಮಣ್ಣು ಕುಂಬಾರರ ಮಣ್ಣಲ್ಲ. ಮೇಣ, ಎಣ್ಣೆ ಬೆರೆಸಿದ ಈ ಕಂದು ಮುದ್ದೆ ಒಣಗಿ ಬಿರುಕು ಬಿಡುವುದಿಲ್ಲ. ಒಲೆಯಲ್ಲಿ ಬೆಚ್ಚಗೆ ಮಾಡಿದರೆ ಮೆತ್ತಗಾಗುತ್ತದೆ, ಆರಿದರೆ ಕೆತ್ತುವಷ್ಟು ಗಟ್ಟಿಯಾಗುತ್ತದೆ. ಮೊದಲು ಮರದ ಹಂದರ. ಅದರ ಮೇಲೆ ಬಿಸಿ ಮುದ್ದೆಯನ್ನು ಅಂಗೈಯಿಂದ ಒತ್ತಿ ಒತ್ತಿ ಮೆತ್ತುತ್ತಾರೆ. ಆರಿದ ಮೇಲೆ ಹಲ್ಲುಳ್ಳ ಹತಾರದಿಂದ ಕೆರೆದು ಉಬ್ಬುತಗ್ಗು ತೆಗೆದು, ತೆಳುವಾದ ಉಕ್ಕಿನ ಪಟ್ಟಿಯನ್ನು ಬಾಗಿಸಿ ಹಿಡಿದು ನಯ ಮಾಡುತ್ತಾರೆ. ಎಷ್ಟೋ ಸಲ ಒಂದೇ ಮಾದರಿಯ ಎಡಕ್ಕೊಂದು ರೂಪ, ಬಲಕ್ಕೊಂದು ರೂಪ ಕೊಟ್ಟು ಯಾವುದು ಒಪ್ಪುತ್ತದೆ ಎಂದು ನೋಡುವುದುಂಟು. ಕೊನೆಗೆ ಮೈಗೆ ಬಣ್ಣದ ತೆಳುಪೊರೆ ಹೊದಿಸಿ, ಕ್ರೋಮ್ ಬರಬೇಕಾದ ಕಡೆ ಬೆಳ್ಳಿಬಣ್ಣದ ಹಾಳೆ ಅಂಟಿಸಿ ಬಿಸಿಲಿಗೆ ತಂದು ನಿಲ್ಲಿಸಿದರೆ, ನಿಜವಾದ ಕಾರೇ ಎನ್ನಬೇಕು. ತಗಡು ಬಡಿದು ಮಾದರಿ ಮಾಡಿದರೆ ತಿದ್ದುವುದು ಕಷ್ಟ. ಮಣ್ಣಿನಲ್ಲಾದರೆ ಬೇಡವೆನಿಸಿದ್ದನ್ನು ಕೆರೆದು ಹಾಕಿ ಮತ್ತೆ ಮೆತ್ತಿದರಾಯಿತು. ಕಾರಿನ ಮೈಗೆ ಅಷ್ಟೊಂದು ಬಳುಕು ಬಂದದ್ದು ಈ ಸಲುಗೆಯಿಂದಲೇ.

ರೆಕ್ಕೆಯ ಮೂಲ ಯುದ್ಧವಿಮಾನ. ಯುದ್ಧದ ಹೊತ್ತಿನಲ್ಲಿ ಅರ್ಲ್ ತನ್ನ ತಂಡವನ್ನು ಮಿಷಿಗನ್ನಿನ ಸೆಲ್ಫ್ರಿಜ್ ವಾಯುನೆಲೆಗೆ ಕರೆದೊಯ್ದು, ಎರಡು ಬಾಲಗಳ ಲಾಕ್‌ಹೀಡ್ ಪಿ-38 ವಿಮಾನ ತೋರಿಸಿದರು. ಆ ಬಾಲದ ನೆನಪಿನಲ್ಲೇ 1948ರ ಕ್ಯಾಡಿಲ್ಯಾಕ್‌ನ ಹಿಂದೀಪದ ಮೇಲೆ ಒಂದು ಪುಟ್ಟ ಉಬ್ಬು ಮೂಡಿತು. ಎಂಟು ವರ್ಷದ ನಂತರ ಬೇರೆ ತಿರುವು. 1956ರಲ್ಲಿ ಅರ್ಲ್ ಯುರೋಪಿನಲ್ಲಿದ್ದಾಗ, ವಿನ್ಯಾಸಕಾರ ಚಕ್ ಜೋರ್ಡನ್ ಪ್ರತಿಸ್ಪರ್ಧಿ ಕ್ರೈಸ್ಲರ್‌ನ ಬೇಲಿಯಾಚೆ ನಿಂತಿದ್ದ ಮುಂದಿನ ವರ್ಷದ ಕಾರುಗಳನ್ನು ಕಂಡರು. ವರ್ಜಿಲ್ ಎಕ್ಸ್‌ನರ್ ರೂಪಿಸಿದ್ದ ಆ ಕಾರುಗಳು ತಗ್ಗಾಗಿ, ತೆಳ್ಳಗೆ, ಎತ್ತರದ ರೆಕ್ಕೆ ಹೊತ್ತು ನಿಂತಿದ್ದವು. ಸಹೋದ್ಯೋಗಿಗಳೂ ಹೋಗಿ ನೋಡಿ ಬಂದರು. ತಮ್ಮ 1959ರ ಮಾದರಿಗಳನ್ನು ಮೊದಲಿನಿಂದ ಮಾಡಲು ಕೂತರು. ಗುರು ಇಲ್ಲದ ಹೊತ್ತಿನಲ್ಲಿ ಶಿಷ್ಯರು ಮಾಡಿದ ಈ ದಂಗೆಯ ಫಲವೇ ಆ ದೈತ್ಯ ರೆಕ್ಕೆ. ಊರಿಗೆ ಮರಳಿದ ಅರ್ಲ್ ಕೊನೆಗೆ ಒಪ್ಪಿಕೊಂಡರು.

ಹೊಗಳಿಕೆ ಇಷ್ಟಕ್ಕೇ ನಿಲ್ಲಬೇಕು. ಇಷ್ಟು ಭಾರದ ಗಾಡಿಗೆ ನಾಲ್ಕೂ ಚಕ್ರಕ್ಕೆ ಇದ್ದದ್ದು ಡ್ರಮ್ ಬ್ರೇಕು. ಲೀಟರಿಗೆ ಐದು ಕಿ.ಮೀ. ಓಡಿಸುವುದೂ ಕಷ್ಟ. ಚೂಪು ರೆಕ್ಕೆಯಿಂದ ದಾರಿಹೋಕರಿಗೆ ಆಗುವ ಗಾಯಗಳ ಬಗ್ಗೆ ಗ್ರಾಹಕರ ಪರ ಹೋರಾಟಗಾರ ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಬರೆದರು. ಅಷ್ಟರಲ್ಲಿ ಕ್ಯಾಡಿಲ್ಯಾಕ್ ರೆಕ್ಕೆ ಕಳಚಿತ್ತು. 1973ರ ತೈಲ ಬಿಕ್ಕಟ್ಟು ದೊಡ್ಡ ಕಾರುಗಳ ಬುಡವನ್ನೇ ಅಲುಗಾಡಿಸಿತು. ಇದಕ್ಕೆಲ್ಲ ಮಿಗಿಲಾದ ತಕರಾರು ಇನ್ನೊಂದಿದೆ: ಕಂಪನಿ ವರ್ಷವರ್ಷವೂ ಹೊಸ ರೂಪ ಬಯಸಿದ್ದು, ಹೋದ ವರ್ಷ ಕೊಂಡ ಕಾರು ಹಳತೆನಿಸಲಿ ಎಂದು. ಚೆನ್ನಾಗಿ ಓಡುವ ಕಾರನ್ನು ಮನೆಯವರ ಕಣ್ಣಿಗೆ ಹಳೆಯದಾಗಿಸುವುದಕ್ಕೆ ಇಂಥ ಕುಶಲ ಕೈಗಳು ದುಡಿದವು.

ನಮ್ಮಲ್ಲೂ ಈ ಕಾರುಗಳ ನೆರಳು ಬಿದ್ದಿತ್ತು. ಹಿಂದಿ ಸಿನಿಮಾದ ಸಾಹುಕಾರ ಅಮೆರಿಕದ ಇಂಪಾಲಾ ಕಾರಿನಿಂದ ಇಳಿಯುತ್ತಿದ್ದ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಡಾಡ್ಜ್, ಪ್ಲೈಮತ್ ಕಾರುಗಳನ್ನು ಜೋಡಿಸುತ್ತಿತ್ತು. ಅದೇ ಕಂಪನಿಯ ಪದ್ಮಿನಿ ಇಟಲಿಯ ಫಿಯೆಟ್‌ನ ಮಗಳು. ಆದರೂ ಅದರ ಹಿಂಬದಿಯಲ್ಲಿ ಸಣ್ಣ ರೆಕ್ಕೆ ಇತ್ತು.

ನನ್ನನ್ನು ಕೇಳಿದರೆ 1959ರ ಆರ್ಭಟಕ್ಕಿಂತ 1948ರ ಪುಟ್ಟ ಉಬ್ಬೇ ಚೆಂದ. ಎಲ್ಲಿ ಕೈ ನಿಲ್ಲಿಸಬೇಕು ಎಂಬುದು ಅದನ್ನು ಮಾಡಿದವರಿಗೆ ಗೊತ್ತಿತ್ತು. ರೆಕ್ಕೆಯ ಕಾಲ ಮುಗಿದರೂ ಕಸುಬು ಮುಗಿದಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬರೆದ ಮೇಲೂ, ಮಿಷಿಗನ್ನಿನ ವಾರೆನ್‌ನಲ್ಲಿ 1956ರಲ್ಲಿ ಉದ್ಘಾಟನೆಯಾದ ಕೇಂದ್ರದಲ್ಲಿ ಜನರಲ್ ಮೋಟಾರ್ಸ್‌ನವರು ಇಂದಿಗೂ ಪೂರ್ಣ ಗಾತ್ರದ ಕಾರನ್ನು ಮಣ್ಣಿನಲ್ಲಿ ಮಾಡಿ ನೋಡುತ್ತಾರೆ.