ಆರಿದ ಬೆಂಕಿಯ ಸೀಮೆ

ಕಾಡಿನಲ್ಲಿ ಡೇರೆ ಹೂಡಿ, ಅಗ್ನಿಪರ್ವತದ ಮಗ್ಗುಲಲ್ಲಿ ಒಂದೆರಡು ಇರುಳು ಕಳೆಯುವುದೆಂದೊಡನೆ ನಮ್ಮವರ ಮನಸ್ಸು ಜಪಾನಿಗೋ ಇಟಲಿಗೋ ಹವಾಯಿ ದ್ವೀಪಗಳಿಗೋ ಹಾರುತ್ತದೆ. ಭಾರತದಲ್ಲಿ ಈಗಲೂ ಜೀವಂತವಾಗಿರುವ ಅಗ್ನಿಪರ್ವತ ಒಂದೇ ಒಂದು. ಅದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. ಅಲ್ಲಿಗೆ ಹೋಗಿ ಡೇರೆ ಹೂಡುವ ಭಾಗ್ಯ ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಆದರೆ ಜೀವ ಹೋದ ಅಗ್ನಿಪರ್ವತಗಳ ಮಾತು ಬೇರೆ. ಅವುಗಳ ಅಸ್ಥಿ ನಮ್ಮ ಕೋಲಾರ ಜಿಲ್ಲೆಯ ನೆಲದಲ್ಲಿಯೇ ಬಿದ್ದಿದೆ. ಅದನ್ನು ನೋಡಲು ಹಡಗೂ ಬೇಡ, ವಿಮಾನವೂ ಬೇಡ. ಕೆಂಪು ಬಸ್ಸಿನ ಒಂದು ಚೀಟಿ ಸಾಕು.

ಮಳೆಯಿಲ್ಲದ ಸೀಮೆ, ಸಾವಿರ ಅಡಿ ಕೊರೆದರೂ ನೀರು ಸಿಕ್ಕದ ಸೀಮೆ ಎಂದು ಕೋಲಾರಕ್ಕೆ ಹೆಸರು. ಈ ಜಿಲ್ಲೆಯ ಹುಡುಗರನ್ನು ‘ನಿಮ್ಮೂರಿನಲ್ಲಿ ನೋಡುವಂಥದ್ದು ಏನಿದೆ?’ ಎಂದು ಕೇಳಿದರೆ, ‘ಏನೂ ಇಲ್ಲ ಸಾರ್, ಬರೀ ಕಲ್ಲು’ ಎಂಬ ಉತ್ತರ ಬರುತ್ತದೆ. ಆ ‘ಬರೀ ಕಲ್ಲ’ನ್ನು ನೋಡುವುದಕ್ಕೆಂದೇ ನಾನು ಐವರು ವಿದ್ಯಾರ್ಥಿಗಳೊಡನೆ ಪುಷ್ಯಮಾಸದಲ್ಲಿ ಎರಡು ರಾತ್ರಿ ಕೋಲಾರದ ಬೆಟ್ಟದ ಮೇಲೆ ತಂಗಿದ್ದೆ.

ಪೇಟೆಯ ಬೆನ್ನಿಗೇ ಎದ್ದು ನಿಂತಿರುವ ಈ ಬೆಟ್ಟದ ಸಾಲಿಗೆ ಶತಶೃಂಗವೆಂದು ಹೆಸರು. ಕಾರ್ತವೀರ್ಯನಿಗೂ ಪರಶುರಾಮನಿಗೂ ಇಲ್ಲಿ ಕಾಳಗವಾಯಿತೆಂದೂ, ಆ ಕೋಲಾಹಲದಿಂದಲೇ ಊರಿಗೆ ಹೆಸರು ಬಂದಿತೆಂದೂ ಸ್ಥಳಪುರಾಣ ಹೇಳುತ್ತದೆ. ಶಾಸನಗಳಲ್ಲಿ ಊರಿನ ಹೆಸರು ಕುವಲಾಲ. ಗಂಗರ ಮೊದಲ ರಾಜಧಾನಿ ಅದು. ಬೆಟ್ಟದ ತಪ್ಪಲಿನಿಂದ ಮೆಟ್ಟಿಲು ಹತ್ತಿದರೆ ಅಂತರಗಂಗೆ. ಕಲ್ಲಿನ ಬಸವನ ಬಾಯಿಂದ ನೀರು ಸದಾ ಸುರಿಯುತ್ತಿರುತ್ತದೆ. ಅಲ್ಲಿಂದ ಮೇಲಕ್ಕೆ ಗುಂಡುಗಳ ನಡುವೆ ನುಸುಳಿ ಏರಿದರೆ, ಸಮುದ್ರಮಟ್ಟದಿಂದ ಸುಮಾರು ೪,೦೦೦ ಅಡಿ ಎತ್ತರದಲ್ಲಿ ತೇರಹಳ್ಳಿ ಮುಂತಾದ ಹಳ್ಳಿಗಳಿರುವ ಸಮತಟ್ಟು ನೆಲ ಸಿಗುತ್ತದೆ. ಕುರುಚಲು ಕಾಡಿನ ಅಂಚಿನಲ್ಲಿದ್ದ ಒಬ್ಬ ರೈತನ ಹೊಲದ ಬದುವೇ ನಮ್ಮ ಬಿಡಾರ. ಅವನಪ್ಪಣೆ ಪಡೆದು ಎರಡು ಡೇರೆ ಹೂಡಿದೆವು. ತಂಗಡಿ, ಕಾರೆ, ಸೀತಾಫಲದ ಪೊದೆಗಳು ನಮ್ಮ ಗೋಡೆ. ನೀರು ಅವನ ಮನೆಯ ಕೊಡದ್ದು. ಊಟವೂ ಅವನ ಮನೆಯ ಒಲೆಯದೇ: ರಾಗಿಮುದ್ದೆ, ಹಿತುಕಿದ ಅವರೆಬೇಳೆಯ ಸಾರು. ಡೇರೆಯ ಮುಂದೆ ಬೆಂಕಿ ಹಾಕಿಕೊಳ್ಳಬೇಕೆಂದು ಹುಡುಗರಿಗೆ ಆಸೆಯಿತ್ತು. ಒಣಗಿ ನಿಂತ ಬಾದೆ ಹುಲ್ಲಿಗೆ ಒಂದು ಕಿಡಿ ತಾಗಿದರೆ ಇಡೀ ಬೆಟ್ಟ ಹೊತ್ತಿಕೊಳ್ಳುತ್ತದೆಂದು ರೈತ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ ಮೇಲೆ ಕಂಬಳಿ ಹೊದ್ದು ಕುಳಿತೆವು.

ಬೆಂಕಿಯಿಲ್ಲದ ಕತ್ತಲೆಗೆ ಅದರದೇ ಆದ ಲಾಭವುಂಟು. ಕೃತ್ತಿಕೆ, ರೋಹಿಣಿ, ಮೃಗಶಿರೆಗಳು ನೆತ್ತಿಗೇರಿದ್ದವು. ಪಶ್ಚಿಮದ ದಿಗಂತದಲ್ಲಿ ಬೆಂಗಳೂರಿನ ದೀಪಗಳ ಮಂಕು ಹೊಗರು. ಪೂರ್ವಕ್ಕೆ ಮುಳಬಾಗಿಲಿನ ಕಡೆ ಕತ್ತಲೆ. ಒಬ್ಬ ಹುಡುಗ ತಾನು ಒರಗಿದ್ದ ಬಂಡೆಯನ್ನು ತಟ್ಟಿ, ‘ಇದೂ ಅಗ್ನಿಪರ್ವತದ ಕಲ್ಲೇ?’ ಎಂದು ಕೇಳಿದ. ಪ್ರಶ್ನೆ ಚಿಕ್ಕದು, ಉತ್ತರಕ್ಕೆ ಎರಡು ದಿನ ಬೇಕಾಯಿತು.

ಬೆಂಕಿ ಎರಡು ಬಗೆಯ ಕಲ್ಲನ್ನು ಹೆರುತ್ತದೆ. ಭೂಮಿಯೊಳಗಿನ ಶಿಲಾರಸ ಬಿರುಕಿನಿಂದ ಮೇಲೆದ್ದು, ಹೊರಗೆ ಹರಿದು, ಗಾಳಿಯಲ್ಲೋ ನೀರಿನಲ್ಲೋ ಬೇಗ ಆರಿದರೆ ಅದು ಲಾವಾ. ಸಣ್ಣ ಕಣಗಳ ಕಪ್ಪು ಕಲ್ಲು. ಅದೇ ರಸ ಹೊರಗೆ ಬರಲಾರದೆ, ಮೈಲಿಗಟ್ಟಲೆ ಆಳದಲ್ಲಿ ಲಕ್ಷಾಂತರ ವರ್ಷ ಮೆಲ್ಲಮೆಲ್ಲನೆ ತಣಿದರೆ, ಹರಳುಗಳು ದಪ್ಪನಾಗಿ ಬೆಳೆದು ಬೆಣಚುಕಲ್ಲಿನ ಜಾತಿಯ ಗ್ರಾನೈಟು ಆಗುತ್ತದೆ. ಶತಶೃಂಗದ ಬಂಡೆಗಳು ಈ ಎರಡನೆಯ ಕುಲಕ್ಕೆ ಸೇರಿದವು. ಬಾಯಿ ತೆರೆಯದೆಯೇ ಆರಿಹೋದ ಬೆಂಕಿ ಇದು. ಮೇಲಿದ್ದ ನೆಲವೆಲ್ಲ ಕೋಟ್ಯಂತರ ವರ್ಷಗಳ ಮಳೆಗಾಳಿಗೆ ಸವೆದು ಹೋದ ಮೇಲೆ ಒಳಗಿನ ಗ್ರಾನೈಟು ಹೊರಗೆ ಬಂತು. ಮೇಲಿನ ಭಾರ ಇಳಿದಾಗ ಸೀಳು ಬಿಟ್ಟಿತು. ಸೀಳುಗಳಿಗೆ ನೀರಿಳಿದು ಮೂಲೆಗಳನ್ನು ಮೊದಲು ತಿಂದಿತು. ಮೂಲೆ ಕಳೆದುಕೊಂಡ ಕಲ್ಲೇ ಗುಂಡು. ಗುಂಡಿನ ಮೇಲೆ ಗುಂಡು ಕುಳಿತ ಸಂದುಗಳೇ ಅಂತರಗಂಗೆಯ ಗುಹೆಗಳು. ಆ ಸೀಳುಗಳಲ್ಲಿ ಇಂಗಿದ ಮಳೆಯ ನೀರೇ ತಿಂಗಳುಗಟ್ಟಲೆ ಒಳದಾರಿಯಲ್ಲಿ ನಡೆದು ಬಸವನ ಬಾಯಿಗೆ ಬರುತ್ತದೆ. ಹಾಗೆಂದು ತಿಳಿದರೆ ಗಂಗೆಯ ಮಹಿಮೆ ಕುಂದುವುದಿಲ್ಲ. ಬರದ ಸೀಮೆಯಲ್ಲಿ ಕಲ್ಲೇ ನೀರನ್ನು ಕೂಡಿಟ್ಟು ಕೊಡುತ್ತದೆಂಬುದು ಪವಾಡಕ್ಕಿಂತ ಕಡಿಮೆಯಾದ ಮಾತೇನೂ ಅಲ್ಲ.

ಹಾಗಾದರೆ ಬಾಯಿ ತೆರೆದ ಬೆಂಕಿ ಎಲ್ಲಿ? ಮಾರನೆಯ ದಿನ ಅದಕ್ಕಾಗಿ ಬೆಟ್ಟವಿಳಿದು ಚಿನ್ನದ ಗಣಿಯ ಕಡೆಗೆ ಹೋದೆವು. ಕೋಲಾರ ಚಿನ್ನದ ಗಣಿಗಳನ್ನು ಹೊತ್ತ ಕರಿಶಿಲೆಯ ಪಟ್ಟಿಯೊಂದು ಉತ್ತರ ದಕ್ಷಿಣವಾಗಿ ಸುಮಾರು ೮೦ ಕಿಲೋಮೀಟರು ಚಾಚಿದೆ. ಅಗಲ ಮಾತ್ರ ಕೆಲವೇ ಮೈಲಿ. ಎರಡು ಕಡೆಯೂ ಬಿಳುಪು ಬೂದು ಬಣ್ಣದ ಶಿಲೆ, ನಡುವೆ ಸೀರೆಯ ಕರಿಯಂಚಿನಂತೆ ಈ ಪಟ್ಟಿ. ಇದು ಸುಮಾರು ೨೭೦ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆಮೇಲೆ ಒತ್ತಡಕ್ಕೂ ಕಾವಿಗೂ ಸಿಕ್ಕಿ, ಮಡಿಚಿ, ಹೊರಳಿ, ತನ್ನ ರೂಪವನ್ನೇ ಬದಲಿಸಿಕೊಂಡಿದೆ. ಆದರೂ ಕೆಲವೆಡೆ ಹಳೆಯ ಗುರುತು ಅಳಿದಿಲ್ಲ. ಪೆದ್ದಪಲ್ಲಿಯ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿರುವುದು ಈ ಕಾರಣಕ್ಕೆ. ಅಗ್ನಿಪರ್ವತ ಸಿಡಿದಾಗ ಮೇಲಕ್ಕೆಸೆದ ಕಲ್ಲಿನ ಚೂರುಗಳು ಬೂದಿಯಲ್ಲಿ ಹುದುಗಿ, ಬೂದಿಯೇ ಕಲ್ಲಾಗಿ, ಇಂದಿಗೂ ಹಾಗೆಯೇ ನಿಂತಿವೆ.

ಇದೇ ಪಟ್ಟಿಯಲ್ಲಿ ದಿಂಬಿನಾಕಾರದ ಲಾವಾ ಕೂಡ ಇದೆ. ಬಿಸಿ ಲಾವಾ ನೀರಿನೊಳಗೆ ಹರಿದರೆ ಅದರ ಹೊರಮೈ ಥಟ್ಟನೆ ಹೆಪ್ಪುಗಟ್ಟುತ್ತದೆ, ಒಳಗಿನ ರಸ ಸಿಪ್ಪೆಯನ್ನೊಡೆದು ಮುಂದೆ ಉಬ್ಬುತ್ತದೆ, ಅದೂ ಹೆಪ್ಪುಗಟ್ಟುತ್ತದೆ. ಹೀಗೆ ಒಂದರ ಮೇಲೊಂದು ದಿಂಬು ಪೇರಿಸಿದಂತೆ ಕಲ್ಲು ಬೆಳೆಯುತ್ತದೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಇದರ ಸೊಗಸಾದ ಮಾದರಿಯನ್ನು ನೋಡಬಹುದು. ಇದರ ಅರ್ಥವೇನು? ಕೊಳವೆಬಾವಿಗೆ ಕೈಮುಗಿಯುವ ಈ ಸೀಮೆಯ ಮೇಲೆ ಒಂದಾನೊಂದು ಕಾಲದಲ್ಲಿ ನೀರು ನಿಂತಿತ್ತು, ಆ ನೀರಿನ ತಳದಲ್ಲಿ ಬೆಂಕಿ ಹರಿಯುತ್ತಿತ್ತು. ಇದನ್ನು ಕೇಳಿ ನನ್ನ ಹುಡುಗರು ನಗಲಿಲ್ಲ, ಸುಮ್ಮನಾದರು.

೨೭೦ ಕೋಟಿ ವರ್ಷವೆಂಬ ಮಾತನ್ನು ನಾಲಗೆ ಆಡುತ್ತದೆ, ಬುದ್ಧಿ ಹಿಡಿಯದು. ಬೆಳಗಾವಿ, ವಿಜಯಪುರಗಳ ಕರಿನೆಲಕ್ಕೆ ತಾಯಿಯಾದ ದಖನ್ನಿನ ಲಾವಾ ಸುಮಾರು ೬.೬ ಕೋಟಿ ವರ್ಷದ್ದು. ಕೋಲಾರದ್ದು ಅದಕ್ಕೆ ನಲವತ್ತು ಪಾಲು ಹಳೆಯದು. ಈ ಕಾಲವನ್ನೆಲ್ಲ ಒಂದು ಹಗಲು ಒಂದು ರಾತ್ರಿಗೆ ಕುಗ್ಗಿಸಿದರೆ, ಗಂಗರಿಂದೀಚಿನ ನಮ್ಮ ಇತಿಹಾಸವೆಲ್ಲ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಲ್ಲಿ ಮುಗಿಯುತ್ತದೆ. ಕೋಲಾರಮ್ಮನ ಗುಡಿ, ಆವಣಿಯ ನೊಳಂಬರ ಗುಡಿಗಳು, ಕುರುಡುಮಲೆಯ ಗಣಪತಿ, ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಹುಟ್ಟಿದ ಡಿ.ವಿ.ಜಿ., ಮಾಲೂರು ಸೀಮೆಯ ಮಾಸ್ತಿ, ಎಲ್ಲರೂ ಅಷ್ಟರೊಳಗೆ.

ಈ ಕರಿಶಿಲೆಯ ಬಿರುಕುಗಳಲ್ಲಿಯೇ ಆಮೇಲೆ ಬಿಸಿನೀರು ಏರಿ, ಬಿಳಿಯ ಬೆಣಚಿನೊಡನೆ ಚಿನ್ನವನ್ನು ಇಳಿಸಿ ಹೋಯಿತು. ಆ ಎಳೆಯನ್ನು ಹಿಡಿದು ಮನುಷ್ಯ ೧೮೮೦ರ ದಶಕದಿಂದ ಆಳಕ್ಕಿಳಿದ. ಸುಮಾರು ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದಾಗ ಬಂಡೆಯ ಕಾವು ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಅವನಿಗಾಗಿ ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ೧೯೬೫ರಲ್ಲಿ ಇದೇ ಶಿಲೆಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಹಿಡಿದರು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಈಗ ದೂರದಿಂದ ಗುಡ್ಡಗಳಂತೆ ಕಾಣುವುದು ಸೈನೈಡ್ ದಿಬ್ಬಗಳು. ಅದೂ ಅಗ್ನಿಪರ್ವತದ ಬೂದಿಯೇ ಎನ್ನಬೇಕು; ಮನುಷ್ಯ ಅರೆದು ಸುರಿದ ಬೂದಿ. ಗಾಳಿಯೆದ್ದಾಗ ಅದರ ಧೂಳು ಗಣಿ ಕಾರ್ಮಿಕರ ಮೊಮ್ಮಕ್ಕಳ ಮನೆಯೊಳಗೆ ಬರುತ್ತದೆ.

ಎರಡನೆಯ ಇರುಳು ರೈತ ನಮ್ಮ ಬಿಡಾರಕ್ಕೆ ಬಂದು ಕುಳಿತ. ಎಳೆಯಂದು ಕಲ್ಲುಕ್ವಾರಿಯಲ್ಲಿ ಕೆಲಸ ಮಾಡಿದವನು. ಅಂಗೈ ಇನ್ನೂ ಒರಟು. ಬಂಡೆ ಒಡೆಯುವುದರ ಮೇಲೆ ಹುಡುಗರು ಸಿಟ್ಟಿನ ಮಾತಾಡಿದಾಗ ಅವನು ಮೆಲ್ಲನೆ ಹೇಳಿದ: ‘ಮಳೆ ಕೈಕೊಟ್ಟ ವರ್ಷ ಆ ಕೂಲಿಯೇ ಅನ್ನ ಹಾಕಿತು. ಮಗಳ ಮದುವೆಯೂ ಅದರಲ್ಲೇ ಆಯಿತು.’ ಸ್ವಲ್ಪ ಹೊತ್ತು ಬಿಟ್ಟು, ‘ಹೊಲ ಮತ್ತೆ ಬೆಳೆ ಕೊಡುತ್ತದೆ, ಬೆಟ್ಟ ಕೊಡುವುದಿಲ್ಲ; ಅದೂ ಗೊತ್ತು’ ಎಂದ. ಈ ಎರಡು ಮಾತುಗಳ ನಡುವೆಯೇ ಈ ಜಿಲ್ಲೆಯ ಸಂಕಟವೆಲ್ಲ ಇದೆ. ಕಲ್ಲು ನಮಗೆ ಬೇಡವೆನ್ನುವ ಹಾಗಿಲ್ಲ. ನಮ್ಮ ಗುಡಿ, ಕೆರೆಯ ತೂಬು, ಮನೆಯ ಹೊಸಿಲು, ಎಲ್ಲವೂ ಕಲ್ಲೇ. ಆದರೆ ಉಳಿಯಿಂದ ಬಂಡೆಯ ಮೇಲ್ಪದರವನ್ನು ಎಬ್ಬಿಸುವ ಕಾಲ ಬೇರೆ, ಮದ್ದು ತುಂಬಿ ಗುಡ್ಡವನ್ನೇ ತೆಗೆಯುವ ಕಾಲ ಬೇರೆ.

ಇದಕ್ಕೆ ಒಂದು ಸಾಕ್ಷಿ ಹೇಳುತ್ತೇನೆ. ಕೋಲಾರದ ಎಲೆಮೂಗಿನ ಬಾವಲಿ ಎಂಬ ಪುಟ್ಟ ಪ್ರಾಣಿಯೊಂದಿದೆ. ೧೯೯೪ರಲ್ಲಿ ಕಾಕ್ ಮತ್ತು ಭಟ್ ಎಂಬ ವಿಜ್ಞಾನಿಗಳು ಅದನ್ನು ಹೊಸ ಜಾತಿಯೆಂದು ಲೋಕಕ್ಕೆ ಪರಿಚಯಿಸಿದರು. ಪ್ರಪಂಚದಲ್ಲಿ ಅದು ಕಂಡದ್ದು ಎರಡೇ ಊರುಗಳ ಬಳಿ: ಹನುಮನಹಳ್ಳಿ ಮತ್ತು ನಾವು ತಂಗಿದ್ದ ಈ ತೇರಹಳ್ಳಿ. ಈಚಿನ ದಶಕದ ಶೋಧಗಳಲ್ಲಿ ಅದು ಹನುಮನಹಳ್ಳಿಯ ಒಂದೇ ಗುಹೆಯಲ್ಲಿ ಸಿಕ್ಕಿತು. ಎಣಿಕೆ ಇನ್ನೂರಕ್ಕೂ ಕಡಿಮೆ. ತೇರಹಳ್ಳಿಯಲ್ಲಿ ಇಲ್ಲವಾಗಿದೆ. ಸುತ್ತಲಿನ ಗ್ರಾನೈಟು ಗಣಿಗಾರಿಕೆಯೇ ಅದಕ್ಕೆ ದೊಡ್ಡ ಕುತ್ತೆಂದು ತಿಳಿದವರು ಹೇಳುತ್ತಾರೆ. ಆಳದಲ್ಲಿ ತಣಿದು, ಮೇಲೆದ್ದು, ಸೀಳಿ, ಸವೆದು, ಗುಹೆಯಾಗಲು ಬಂಡೆಗೆ ಎರಡು ನೂರು ಕೋಟಿಗೂ ಹೆಚ್ಚು ವರ್ಷ ಬೇಕಾಯಿತು. ಅದರೊಳಗೆ ಮನೆಮಾಡಿದ ಜೀವ ನಾವು ಹೆಸರಿಟ್ಟ ಒಂದು ತಲೆಮಾರಿನಲ್ಲಿಯೇ ಕಣ್ಮರೆಯ ಅಂಚಿಗೆ ಬಂದಿದೆ.

ಆದ್ದರಿಂದ ಈ ಬೆಟ್ಟಗಳಿಗೆ ಹೋಗುವವರಲ್ಲಿ ನನ್ನ ಬಿನ್ನಹ ಇಷ್ಟೇ. ಹೋಗಿ, ಅವಶ್ಯವಾಗಿ ಹೋಗಿ. ಅರಣ್ಯದವರ ಅಪ್ಪಣೆ ಪಡೆದು ಹೋಗಿ. ಗುಹೆಗಳಲ್ಲಿ ಹೊಗೆಯೆಬ್ಬಿಸಬೇಡಿ, ಪಂಜು ಹಿಡಿದು ಕೂಗಬೇಡಿ, ಬಂಡೆಯ ಮೇಲೆ ಹೆಸರು ಬರೆಯಬೇಡಿ. ಶಾಲೆಯ ಉಪಾಧ್ಯಾಯರು ಮಕ್ಕಳನ್ನು ದೂರದ ಉದ್ಯಾನಗಳಿಗೆ ಕರೆದೊಯ್ಯುವ ಮೊದಲು ಒಮ್ಮೆ ಪೆದ್ದಪಲ್ಲಿಗೆ ಕರೆದೊಯ್ಯಲಿ. ಮಾಲೂರಿನ ಹೆಂಚು ಇಟ್ಟಿಗೆಗಳ ಜೇಡಿಯೂ, ಶ್ರೀನಿವಾಸಪುರದ ಮಾವಿಗೆ ಬೇರೂರಲು ಎಡೆಕೊಟ್ಟ ಕೆಮ್ಮಣ್ಣೂ ಕಲ್ಲು ಕರಗಿ ಆದದ್ದೇ ಎಂದು ತಿಳಿಸಿಕೊಡಲಿ. ಒಂದು ಚೂರು ಕರಿಗಲ್ಲನ್ನು ಮುಟ್ಟಿ ನೋಡಿ ಅಲ್ಲಿಯೇ ಬಿಟ್ಟು ಬರುವುದನ್ನು ಕಲಿಸಲಿ. ನಮ್ಮ ಹಳ್ಳಿಗಳಲ್ಲಿ ಕಲ್ಲು ಬೆಳೆಯುತ್ತದೆಂದು ನಂಬುವ ಹಿರಿಯರಿದ್ದಾರೆ. ಬೆಳೆಯುವುದೇನೋ ನಿಜ, ಆದರೆ ಅದಕ್ಕೆ ಬೇಕಾದ ಬೆಂಕಿ ಇಲ್ಲಿ ಆರಿ ಯುಗಗಳಾದವು. ಇನ್ನು ಇರುವಷ್ಟೇ ಕಲ್ಲು. ‘ಬರೀ ಕಲ್ಲು’ ಎನ್ನುವ ಹುಡುಗನಿಗೆ ಅದರ ವಯಸ್ಸನ್ನು ಹೇಳಿಕೊಟ್ಟರೆ, ಅದನ್ನು ಉಳಿಸುವ ದಾರಿಯನ್ನು ಅವನೇ ಹುಡುಕಿಯಾನು.