ತೊಟ್ಟಿಲ ಪಕ್ಕದಲ್ಲೇ ಉಳಿ, ಸುತ್ತಿಗೆ

ಒರಳುಕಲ್ಲು ನುಣುಪಾಯಿತೆಂದು ಕಲ್ಲುಕುಟಿಗನನ್ನು ಕರೆದು ಉಳಿಪೆಟ್ಟು ಹಾಕಿಸಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಅವನ ಕೈ ಒಂದಿಷ್ಟು ತಪ್ಪಿತೋ, ಮುಗಿದೇ ಹೋಯಿತು. ಎದ್ದ ಚಕ್ಕೆಯನ್ನು ಮತ್ತೆ ಅಂಟಿಸುವ ಹಾಗಿಲ್ಲ. ಇಂಥ ಕಲ್ಲನ್ನೇ ನೆಚ್ಚಿಕೊಂಡು ಬಾಳಿದ ಒಬ್ಬ ತಾಯಿಯ ಕಥೆ ಇದು. ಹೆಸರು ಬಾರ್ಬರಾ ಹೆಪ್‌ವರ್ತ್. ಹುಟ್ಟಿದ್ದು 1903ರಲ್ಲಿ, ಇಂಗ್ಲೆಂಡಿನ ವೇಕ್‌ಫೀಲ್ಡ್‌ನಲ್ಲಿ.

ಅದಕ್ಕೆ ಮೊದಲು ಯೂರೋಪಿನ ಹೆಸರಾಂತ ಶಿಲ್ಪಿಗಳಲ್ಲಿ ಅನೇಕರು ತಾವಾಗಿ ಕಲ್ಲು ಮುಟ್ಟುತ್ತಿದ್ದುದು ಕಡಿಮೆ. ಜೇಡಿಮಣ್ಣಿನಲ್ಲಿ ಮಾದರಿ ಮಾಡಿಕೊಡುವುದು ಅವರ ಕೆಲಸ. ಅಳತೆ ಹಿಡಿದು ಅಮೃತಶಿಲೆಗೆ ಇಳಿಸುವವರು ಬೇರೆ ಕೆಲಸಗಾರರು. ಹೆಸರು ಮಾತ್ರ ಯಜಮಾನರದು! ಮಣ್ಣಾದರೆ ನಮ್ಮ ಚಪಾತಿ ಹಿಟ್ಟಿನಂತೆ, ಸಾಲದಿದ್ದರೆ ಇನ್ನಷ್ಟು ಸೇರಿಸಬಹುದು. ಕಲ್ಲಿನಲ್ಲಿ ತೆಗೆಯುವುದೊಂದೇ ದಾರಿ. ಕಲ್ಲಿನ ಬಣ್ಣ, ಗಡಸುತನ, ಒಳಗಿನ ಎಳೆ ನೋಡಿಕೊಂಡು, ಅದು ಒಪ್ಪುವ ಆಕಾರವನ್ನು ಶಿಲ್ಪಿಯೇ ನೇರವಾಗಿ ಕೆತ್ತಬೇಕೆಂದು ಹೊಸ ತಲೆಮಾರಿನವರು ಹಟ ಹಿಡಿದರು. ಬಾರ್ಬರಾ ಅವರಲ್ಲಿ ಒಬ್ಬರು. ಅಮೃತಶಿಲೆ ಕೆತ್ತುವುದನ್ನು ಆಕೆ ಕಲಿತದ್ದು ಇಟಲಿಯಲ್ಲಿ.

1932ರಲ್ಲಿ ಆಕೆ ನಸುಗೆಂಪು ಬಣ್ಣದ ಅಲಬಾಸ್ಟರ್ ಎಂಬ ಮೆದು ಕಲ್ಲಿಗೆ ಈಚೆಯಿಂದ ಆಚೆಯವರೆಗೆ ತೂತು ಕೊರೆದರು. ತೂತು ಕೊರೆಯುವುದೂ ಒಂದು ಕಲೆಯೇ ಅಂತೀರಾ? ಕಲ್ಲಿನೊಳಗೆ ಬೆಳಕು ಹರಿದಾಗ ಆ ಬಯಲೂ ಶಿಲ್ಪದ ಭಾಗವಾಯಿತು, ನೋಡಿ. ಆ ಶಿಲ್ಪ ಮಾತ್ರ ಯುದ್ಧದಲ್ಲಿ ಹಾಳಾಗಿ ಹೋಯಿತು.

1934ರ ಅಕ್ಟೋಬರಿನಲ್ಲಿ ಹೆರಿಗೆ. ಹುಟ್ಟಿದ್ದು ಒಂದಲ್ಲ, ಎರಡಲ್ಲ, ತ್ರಿವಳಿ! ಮೊದಲ ಮದುವೆಯ ಮಗ ಆಗಲೇ ಐದು ವರ್ಷದವನು. ಕೈಯಲ್ಲಿ ಕಾಸಿಲ್ಲ. ಒಂದೇ ಕೂಸಿಗೆ ನಿದ್ದೆಗೆಡುವ ನಮಗೆ ಆ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಕೂಸುಗಳನ್ನು ಕೆಲಕಾಲ ಶಿಶುಪಾಲನೆಯ ಸಂಸ್ಥೆಯೊಂದರಲ್ಲಿ ಬಿಡಬೇಕಾಯಿತು. "ತಾಯಿಯಾಗಿ ಹೀಗೆ ಮಾಡಬಹುದೇ?" ಅನ್ನುವವರು ಇಂದಿಗೂ ಇದ್ದಾರೆ. ನನಗಂತೂ ಆಕೆಯನ್ನು ದೂರಲು ಬಾಯಿ ಬಾರದು.

ಸುಮಾರು ಒಂದು ತಿಂಗಳಲ್ಲೇ ಬಾರ್ಬರಾ ಮತ್ತೆ ಉಳಿ ಹಿಡಿದರು. 1935ರಲ್ಲಿ ಸಿದ್ಧವಾದದ್ದು "ಮೂರು ರೂಪಗಳು": ಬಿಳಿ ಅಮೃತಶಿಲೆಯ ಹಲಗೆಯ ಮೇಲೆ ಒಂದು ಗುಂಡು, ಎರಡು ಮೊಟ್ಟೆಯಾಕಾರದ ಕಲ್ಲುಗಳು. ಕಣ್ಣಿಲ್ಲ, ಮೂಗಿಲ್ಲ. ಯಾವುದು ಯಾವುದಕ್ಕೆ ಎಷ್ಟು ಹತ್ತಿರ, ಎಷ್ಟು ದೂರ ಎಂಬುದಷ್ಟೇ. ಮಕ್ಕಳು ಹುಟ್ಟಿದ ಮೇಲೆ ತನ್ನ ಕೆಲಸದ ರೀತಿಯೇ ಬದಲಾಯಿತೆಂದು ಆಕೆ ಬರೆದುಕೊಂಡಿದ್ದಾರೆ. ಈ ಶಿಲ್ಪ ಈಗ ಬ್ರಿಟನ್ನಿನ ಟೇಟ್ ಸಂಗ್ರಹದಲ್ಲಿದೆ.

1939ರಲ್ಲಿ ಯುದ್ಧದ ಭಯಕ್ಕೆ ಕಡಲ ತೀರದ ಸೇಂಟ್ ಐವ್ಸ್ ಕಡೆಗೆ ಸಂಸಾರ ಸಾಗಿತು. ಅಡಿಗೆ, ತರಕಾರಿ ತೋಟ, ಮಕ್ಕಳು. ಕಲ್ಲು ಕೆತ್ತಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ಚಿತ್ರ ಬರೆಯುತ್ತಿದ್ದರು. ದಿನಕ್ಕೆ ಅರ್ಧ ಗಂಟೆಯಾದರೂ ಸರಿ, ಕೆಲಸ ತಪ್ಪಿಸಬಾರದು, ಆಗ ಮನಸ್ಸಿನಲ್ಲಿ ರೂಪಗಳು ಬೆಳೆಯುತ್ತಿರುತ್ತವೆ ಎಂಬುದು ಆಕೆ ಕಂಡುಕೊಂಡ ಉಪಾಯ.

1949ರಲ್ಲಿ ಅದೇ ಊರಿನಲ್ಲಿ ತೋಟವಿದ್ದ ಸ್ವಂತ ಕಾರ್ಯಾಗಾರ ಸಿಕ್ಕಿತು. 1975ರಲ್ಲಿ ಅಲ್ಲೇ ಬೆಂಕಿ ಅನಾಹುತದಲ್ಲಿ ತೀರಿಕೊಂಡರು. ಆಗ 72 ವರ್ಷ. ಮರುವರ್ಷ ಅದು ವಸ್ತುಸಂಗ್ರಹಾಲಯವಾಯಿತು. ಆಕೆಯ ಉಳಿ, ಸುತ್ತಿಗೆಗಳು, ಕೆತ್ತನೆ ಮುಗಿಯದ ಕಲ್ಲುಗಳು ಅಲ್ಲಿ ಇಟ್ಟ ಹಾಗೇ ಇವೆ.